ಶಾಖಕ್ಕೆ ತಡೆಯುವ ಎಸೆನ್ಸು

ನಲವತ್ತೇಳು ವರ್ಷ ಹಿಟ್ಟು ನಾದಿದವಳಿಗೆ ಯಾವ ಎಸೆನ್ಸು ಯಾವುದಕ್ಕೆ ಎಂದು ಯಾರು ಹೇಳಿಕೊಡಬೇಕು? ಬೋದಿಲ್‌ಗೆ ಯಾರೂ ಹೇಳಿಕೊಡಲಿಲ್ಲ, ಅವಳೂ ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಫೋಬೋರ್ ಬಂದರಿನ ಬೀದಿಯಲ್ಲಿ ಅವಳ ಅಜ್ಜ ಇಟ್ಟ ಬೇಕರಿ. ಕೆಳಗೆ ಅಂಗಡಿ ಮತ್ತು ಭಟ್ಟಿ, ಮೇಲೆ ಮನೆ, ನಡುವೆ ಕಡಿದಾದ ಮರದ ಮೆಟ್ಟಿಲು. ಬಾಗಿಲ ಗಾಜಿನ ಮೇಲೆ ಆಹಾರ ಇಲಾಖೆಯವರು ತಪಾಸಣೆ ಮಾಡಿ ಕೊಟ್ಟ ನಗುಮುಖದ ಚೀಟಿ. ಇಷ್ಟು ವರ್ಷಗಳಲ್ಲಿ ಆ ಮುಖ ಒಂದು ಸಲವೂ ಸಪ್ಪಗಾಗಿರಲಿಲ್ಲ, ಆ ವಿಷಯದಲ್ಲಿ ಬೋದಿಲ್‌ಗೆ ಕೊಂಚ ಜಂಬವೇ ಇತ್ತು. ಊರಿನ ಯಾವ ಮಗುವಿನ ಹುಟ್ಟುಹಬ್ಬಕ್ಕೂ ಬ್ರುನ್ಸ್‌ವೀಯರ್ ಎಂಬ ಸಿಹಿರೊಟ್ಟಿ ಅವಳ ಕೈಯದೇ ಆಗಬೇಕು. ಉಬ್ಬಿದ ಮೆತ್ತನೆ ರೊಟ್ಟಿಗೆ ಬೆರಳಿನಿಂದ ಗುಳಿ ಒತ್ತಿ, ಬೆಣ್ಣೆ ಮತ್ತು ಕಂದು ಸಕ್ಕರೆಯ ಪಾಕ ಸುರಿದು ಅವಳು ಬೇಯಿಸಿದರೆ ಬೀದಿಯ ಆ ತುದಿಯವರೆಗೆ ಪರಿಮಳ ಹೋಗುತ್ತಿತ್ತು.

ಗಂಡ ಪ್ರೇಬೆನ್ ಮೂವತ್ತು ವರ್ಷ ಏರೊ ದ್ವೀಪಕ್ಕೆ ಹೋಗುವ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವನು. ದಿನಕ್ಕೆ ನಲವತ್ತು ಸಿಗರೇಟು. ಐದು ವರ್ಷದ ಹಿಂದೆ ಎದೆನೋವು ಬಂದು ಹೆದರಿದ ಮೇಲೆ ಇ-ಸಿಗರೇಟು ಹಿಡಿದ. ವೆನಿಲ್ಲಾ ರುಚಿಯ ದ್ರವ ತುಂಬಿದ ಆ ಕೊಳವೆಯೇ ಅವನನ್ನು ಸಿಗರೇಟಿನಿಂದ ಬಿಡಿಸಿತು. ಚಟ ಎಲ್ಲಿ ಬಿಟ್ಟಿತ್ತು, ಬಟ್ಟೆ ಬದಲಿಸಿತ್ತು ಅಷ್ಟೆ. ಆದರೂ ಪರದೆಗಳಿಂದ ಹೊಗೆಯ ನಾತ ಹೋಯಿತು, ಅವನ ಬೆಳಗಿನ ಕೆಮ್ಮು ಹೋಯಿತು, ಗಂಡನ ಪ್ರಾಣ ತಿರುಗಿ ಕೈಗೆ ಬಂತೆಂದು ಬೋದಿಲ್ ನಂಬಿದಳು. ನಂಬಿದ್ದರಲ್ಲಿ ತಪ್ಪೂ ಇರಲಿಲ್ಲ.

ಅಷ್ಟರಲ್ಲಿ ಸರ್ಕಾರದ ಕಾನೂನು ಬಂತು. ಇ-ಸಿಗರೇಟಿಗೆ ಇನ್ನು ಹಣ್ಣು, ಮಿಠಾಯಿ, ವೆನಿಲ್ಲಾ, ಯಾವ ರುಚಿಯೂ ಇಲ್ಲ. ತಂಬಾಕಿನದು ಮತ್ತು ಮೆಂಥಾಲಿನದು ಮಾತ್ರ. ಮಕ್ಕಳು ಹಾಳಾಗುತ್ತಿದ್ದಾರೆ ಎಂಬುದು ಕಾರಣ. ಪ್ರೇಬೆನ್ ಒಂದಷ್ಟು ದಿನ ಕೂಡಿಟ್ಟಿದ್ದರಲ್ಲಿ ದೂಡಿದ. ಎರಡು ಸಲ ಗಡಿ ದಾಟಿ ಜರ್ಮನಿಯಿಂದ ಎಲ್ಲರೂ ಬಿಯರು ತರುವ ಹಾಗೆ ಬಿಯರಿನ ಜೊತೆಗೇ ತಂದ. ಆಮೇಲೆ ಕಣ್ಣಿಗೆ ಪೊರೆ ಬಂದು ಕಾರು ಓಡಿಸುವುದು ನಿಂತಿತು. ತಂಬಾಕಿನ ರುಚಿಯದನ್ನು ಎಳೆದರೆ ನಿಜವಾದ ಸಿಗರೇಟೇ ನೆನಪಾಗುತ್ತದೆ ಎಂದು ಗೊಣಗಿದ. ಒಂದು ದಿನ ಬೋದಿಲ್ ಹಿತ್ತಲಿನ ಶೆಡ್ಡಿಗೆ ಬಣ್ಣದ ಬ್ರಷ್ಷು ಹುಡುಕಲು ಹೋದಾಗ, ಉಪ್ಪಿನಕಾಯಿ ಮೀನಿನ ಖಾಲಿ ಜಾಡಿಯಲ್ಲಿ ಹನ್ನೊಂದು ಸಿಗರೇಟು ತುಂಡು ಸಿಕ್ಕವು.

ಅವಳು ಕೂಗಾಡಲಿಲ್ಲ. ಜಾಡಿ ತೊಳೆದಳು. ಆ ಮಧ್ಯಾಹ್ನವೇ ಮೇಲಿನ ಅಡುಗೆಮನೆಯಲ್ಲಿ ಅವನಿಗೆ ರುಚಿ ತಾನೇ ಮಾಡಿಕೊಡುವುದೆಂದು ಕೂತಳು.

ರುಚಿಯಿಲ್ಲದ ದ್ರವ ಅಂಗಡಿಯಲ್ಲಿ ಸಿಗುತ್ತಿತ್ತು. ಅದಕ್ಕೆ ಬೇಕರಿಯ ಎಸೆನ್ಸು ನಾಲ್ಕು ಹನಿ ಸೇರಿಸಿದರಾಯಿತು. ಬೇಕರಿಯಲ್ಲಿ ಬ್ರುನ್ಸ್‌ವೀಯರ್ ಪರಿಮಳದ ಎಸೆನ್ಸು ಎರಡು ಬಗೆಯದಿತ್ತು. ಒಂದು ಸ್ಪಿರಿಟ್ಟಿನದು, ಬೆಂಕಿ ಕಾಣದ ಕ್ರೀಮಿಗೆ. ಇನ್ನೊಂದು ಎಣ್ಣೆಯದು, ಭಟ್ಟಿಗೆ ಹೋಗುವುದಕ್ಕೆ. ಸ್ಪಿರಿಟ್ಟಿನದು ಶಾಖ ಕಂಡರೆ ಹಾರಿಹೋಗುತ್ತದೆ, ಎಣ್ಣೆಯದು ತಡೆಯುತ್ತದೆ ಎಂಬುದು ಬೇಕರಿಗೆ ಸೇರಿದ ಮೊದಲ ವಾರವೇ ಕಲಿಯುವ ಪಾಠ. ಕೊಳವೆಯೊಳಗೂ ಕಾದ ತಂತಿಯಿದೆಯಲ್ಲ, ಅದೂ ಒಂದು ಪುಟ್ಟ ಭಟ್ಟಿಯೇ ತಾನೆ? ಬೋದಿಲ್‌ಳ ಕೈ ಯೋಚನೆಯೇ ಇಲ್ಲದೆ ಎಣ್ಣೆಯ ಬಾಟಲಿಗೆ ಹೋಯಿತು. ಬೇರೆ ಯಾರಾದರೂ ಆಗಿದ್ದರೆ ಎರಡರಲ್ಲಿ ಯಾವುದೋ ಒಂದನ್ನು ಎತ್ತಿಕೊಳ್ಳುತ್ತಿದ್ದರು. ಇವಳು ಕಸುಬು ತಿಳಿದಿದ್ದಕ್ಕೇ ಅದನ್ನು ಎತ್ತಿಕೊಂಡಳು.

ಎಣ್ಣೆ ಬೆರೆಯಲಿಲ್ಲ. ಮೇಲೆ ತೇಲಿ ಕಣ್ಣುಕಣ್ಣಾಗಿ ನಿಂತಿತು. ಅಲ್ಲಿಗಾದರೂ ನಿಲ್ಲಿಸಬಾರದಿತ್ತೆ ಈ ಹೆಂಗಸು! ಆದರೆ ಒಲ್ಲದ ಎಣ್ಣೆಯನ್ನು ಒಲಿಸುವುದೇ ಅವಳ ಕಸುಬು. ಕೇಕಿನ ಹಿಟ್ಟು ಒಡೆಯದಿರಲೆಂದು ಹಾಕುವ ಲೆಸಿಥಿನ್ ಎಂಬ ಕಂದು ಅಂಟು ಕೆಳಗೆ ಡಬ್ಬಿಗಟ್ಟಲೆ ಇತ್ತು. ಸಾಸಿವೆ ಕಾಳಿನಷ್ಟು ತಂದು, ಬಿಸಿನೀರಿನಲ್ಲಿ ಬಟ್ಟಲಿಟ್ಟು, ನಿಧಾನವಾಗಿ ಕದಡಿದಳು. ಎಣ್ಣೆ ಮಾಯವಾಯಿತು. ದ್ರವ ಹಾಲುಬಣ್ಣಕ್ಕೆ ತಿರುಗಿ ಒಂದೇ ಸಮ ನಿಂತಿತು.

ಸಂಜೆ ಪ್ರೇಬೆನ್ ಒಂದು ದಮ್ಮು ಎಳೆದ. ಅವನ ಕಣ್ಣಲ್ಲಿ ನೀರಿತ್ತು.

"ಏನೇ ಇದು, ನನ್ನ ಏಳನೇ ಹುಟ್ಟುಹಬ್ಬನ ಬಾಟ್ಲಿಗೆ ತುಂಬಿದ್ಯಲ್ಲೇ" ಎಂದ.

ಶೆಡ್ಡಿನ ಜಾಡಿ ಅಂದಿನಿಂದ ಖಾಲಿಯೇ ಉಳಿಯಿತು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬೋದಿಲ್ ಎರಡು ವಾರಕ್ಕೊಮ್ಮೆ ಹೊಸ ಬಾಟಲಿ ಮಾಡಿಕೊಟ್ಟಳು.

ಸೆಪ್ಟೆಂಬರಿನಲ್ಲಿ ಊರಿನ ಸಭಾಭವನದಲ್ಲಿ ಸಭೆ ಸೇರಿತ್ತು. ಕಾನೂನಿದ್ದರೂ ಅಂಗಡಿಗಳಲ್ಲಿ ಕದ್ದುಮುಚ್ಚಿ ಕಲ್ಲಂಗಡಿ ರುಚಿ ಮಾರುತ್ತಿದ್ದಾರೆ, ಇನ್ನೂ ಬಿಗಿ ಮಾಡಬೇಕು ಎನ್ನುವವರು ಒಂದು ಕಡೆ. ಬಿಗಿ ಮಾಡಿದಷ್ಟೂ ದೊಡ್ಡವರು ತಿರುಗಿ ಸಿಗರೇಟಿಗೆ ಬೀಳುತ್ತಾರೆ ಎನ್ನುವವರು ಇನ್ನೊಂದು ಕಡೆ. ಮೊದಲಿನವರ ಪರವಾಗಿ ಮಾತಾಡಿದ್ದು ಸಿಗ್ನೆ, ಬೋದಿಲ್‌ಳ ತಂಗಿಯ ಮಗಳು, ಶಾಲೆಯ ನರ್ಸು. ಆರನೇ ತರಗತಿಯ ಹುಡುಗಿಯೊಬ್ಬಳು ಒಂದು ಪೀರಿಯಡ್ ಪೂರ್ತಿ ಕೂರಲಾರಳು, ಕೈ ನಡುಗುತ್ತದೆ, ಕೊಳವೆಯನ್ನು ದಿಂಬಿನಡಿ ಇಟ್ಟು ಮಲಗುತ್ತಾಳೆ, ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಅದಕ್ಕೆ ತಡಕಾಡುತ್ತಾಳೆ ಎಂದು ಅವಳು ಹೇಳಿದಳು. ತಂಬಾಕಿನ ರುಚಿಗೆ ಆ ಮಗು ಸೋಲುತ್ತಿರಲಿಲ್ಲ, ಮಿಠಾಯಿಯ ರುಚಿಗೆ ಸೋತಿತು ಎಂದಳು.

ಬೋದಿಲ್ ಎದ್ದು ನಿಂತಳು. ವೆನಿಲ್ಲಾ ಇಲ್ಲದಿದ್ದರೆ ತನ್ನ ಗಂಡ ಈ ಹೊತ್ತಿಗೆ ಮಣ್ಣಿನಡಿ ಇರುತ್ತಿದ್ದ ಎಂದಳು. ಸಿಹಿಯಾಗಿದೆ ಎಂದೇ ಮಕ್ಕಳು ತನ್ನ ಬೇಕರಿಗೂ ಬರುತ್ತಾರೆ, ನಾಳೆಯಿಂದ ಬನ್ನಿಗೆ ಕಹಿ ಹಾಕಲೇ ಎಂದು ಕೇಳಿದಳು. ಜನ ನಕ್ಕರು. ಸಿಗ್ನೆ ನಗಲಿಲ್ಲ.

"ದೊಡ್ಡಮ್ಮ, ನಿನ್ನ ಬನ್ನು ಹೊಟ್ಟೆಗೆ ಹೋಗುತ್ತೆ. ಇದು ಎದೆಗೆ ಹೋಗುತ್ತೆ. ಎರಡೂ ಒಂದೇನಾ?"

ಬೋದಿಲ್‌ಗೆ ರೇಗಿತು. ನಿನ್ನೆ ಮೊನ್ನೆಯವರೆಗೆ ನನ್ನ ಸೊಂಟ ಹಿಡಿದು ಸಕ್ಕರೆ ಬೇಡುತ್ತಿದ್ದವಳು ನನಗೇ ಪಾಠ ಹೇಳುತ್ತಾಳೆ ಎಂದು ದಾರಿಯುದ್ದಕ್ಕೂ ಬೈದುಕೊಂಡು ಮನೆಗೆ ಬಂದಳು. ಮೆಟ್ಟಿಲ ನಡುವೆ ಪ್ರೇಬೆನ್ ಕಟಕಟೆ ಹಿಡಿದು ನಿಂತಿದ್ದ. ಉಸಿರು ಸಾಲದೆ ನಿಂತದ್ದು. ಬೂಟಿನ ದಾರ ನೋಡುತ್ತಿದ್ದೆ ಎಂದ.

ಕೆಮ್ಮು ಬಂತು, ಜ್ವರ ಬಂತು, ಕೊಳವೆ ಎಳೆಯುವುದು ತಾನಾಗೇ ನಿಂತಿತು. ಊರಿನ ಡಾಕ್ಟರು ನ್ಯುಮೋನಿಯಾ ಎಂದು ಮಾತ್ರೆ ಕೊಟ್ಟರು. ಮಾತ್ರೆ ಮುಗಿದರೂ ಕೆಮ್ಮು ಮುಗಿಯಲಿಲ್ಲ. ನವೆಂಬರಿನ ಮೊದಲ ವಾರ ಅವನ ತುಟಿ ನೀಲಿಯಾದಾಗ ಆಂಬುಲೆನ್ಸು ಪಟ್ಟಣದ ದೊಡ್ಡಾಸ್ಪತ್ರೆಗೆ ಒಯ್ದಿತು.

ಅಲ್ಲಿದ್ದವಳು ರಿಕ್ಕೆ ಎಂಬ ಚಿಕ್ಕ ವಯಸ್ಸಿನ ಡಾಕ್ಟರು. ಎರಡೂ ಶ್ವಾಸಕೋಶ ಬೆಳ್ಳಗಾಗಿರುವ ಚಿತ್ರ ತೋರಿಸಿ, ಕೊಳವೆಯಲ್ಲಿ ಏನು ಹಾಕಿಕೊಂಡು ಸೇದುತ್ತಿದ್ದಿರಿ ಎಂದು ಕೇಳಿದಳು. ಬೋದಿಲ್ ಬಾಯಿ ತೆರೆಯುವ ಮೊದಲೇ ಪ್ರೇಬೆನ್ ಉತ್ತರ ಕೊಟ್ಟಾಗಿತ್ತು. ಜರ್ಮನಿಯ ಗಡಿ ಅಂಗಡಿಯದು ಎಂದ. ಬಾಟಲಿ ಇದ್ದರೆ ತನ್ನಿ, ಪರೀಕ್ಷೆಗೆ ಕಳಿಸುತ್ತೇವೆ ಎಂದು ಹೇಳಿ ಅವಳು ಹೊರಟಳು.

ಅವಳ ಹೆಜ್ಜೆ ಸಪ್ಪಳ ನಿಂತ ಮೇಲೆ ಪ್ರೇಬೆನ್ ಹೆಂಡತಿಯನ್ನು ಹತ್ತಿರ ಕರೆದ. ಶೆಡ್ಡಿನಲ್ಲಿ ಜರ್ಮನಿಯ ಹಳೇ ಬಾಟಲಿ ಇನ್ನೊಂದಿದೆ, ಅರ್ಧ ತುಂಬಿದೆ, ಅದನ್ನೇ ತಂದುಕೊಡು ಎಂದ. ಬೇಕರಿಯ ಸಾಮಾನಿನಿಂದ ಮಾಡಿದ್ದೆಂದು ಗೊತ್ತಾದರೆ ಆಹಾರ ಇಲಾಖೆಯವರು ಬಾಗಿಲು ಹಾಕಿಸುತ್ತಾರೆ, ಅಜ್ಜನ ಕಾಲದ ಹೆಸರು ಪೇಪರಿನಲ್ಲಿ ಬರುತ್ತದೆ. ಅದರಲ್ಲೇನು ವಿಷವಿತ್ತೇ, ಊರ ಮಕ್ಕಳೆಲ್ಲ ತಿನ್ನುವ ಎಸೆನ್ಸು ತಾನೆ. ಅವನಿಗೂ ಹಾಗೇ ಅನಿಸಿತ್ತು, ಅವಳಿಗೂ ಹಾಗೇ ಅನಿಸಿತು. ತಿನ್ನುವ ವಸ್ತು ಕೊಲ್ಲುತ್ತದೆ ಎಂದು ಬೇಕರಿಯವಳು ಹೇಗೆ ನೆನೆಸಬೇಕು? ಮಾರನೆಯ ದಿನ ಅವಳು ಜರ್ಮನಿಯ ಬಾಟಲಿಯನ್ನು ಕೈಚೀಲದಲ್ಲಿಟ್ಟು ಬಸ್ಸಿನಲ್ಲಿ ತಂದು, ಡಾಕ್ಟರ ಕೈಗೆ ಕೊಟ್ಟಳು.

ಹತ್ತು ದಿನ ಕಳೆಯಿತು. ಸೂಜಿಯ ಔಷಧ ಎರಡು ಸಲ ಬದಲಾಯಿತು. ಮೂಗಿನ ನಳಿಕೆ ಹೋಗಿ ಮುಖಕ್ಕೆ ಮಾಸ್ಕು ಬಂತು. ಪ್ರೇಬೆನ್ ಒಂದು ವಾಕ್ಯವನ್ನು ಎರಡಾಗಿ ಮುರಿದು ಮಾತಾಡತೊಡಗಿದ. ಬೆಳಗಿನ ರೊಟ್ಟಿ ಮುಗಿಸಿ ಬೋದಿಲ್ ದಿನಾ ಬಸ್ಸು ಹಿಡಿಯುತ್ತಿದ್ದಳು.

ಹನ್ನೊಂದನೆಯ ದಿನ ರಿಕ್ಕೆ ಕೈಯಲ್ಲಿ ಕಾಗದ ಹಿಡಿದು ಬಂದಳು. ಆಯಾಸವಾಗಿದ್ದರೂ ಮುಖದಲ್ಲಿ ಒಂದಿಷ್ಟು ಹಗುರವಿತ್ತು.

"ಬಾಟ್ಲಿ ರಿಪೋರ್ಟ್ ಬಂತು. ಒಂದು ಸಮಾಧಾನ, ಇದ್ರಲ್ಲಿ ಎಣ್ಣೆ ಇಲ್ಲ."

"ಎಣ್ಣೆ ಇದ್ದಿದ್ರೆ?" ಎಂದು ಬೋದಿಲ್ ಕೇಳಿದಳು. ಕೇಳುವಾಗ ಇನ್ನೂ ಏನೂ ಹೊಳೆದಿರಲಿಲ್ಲ.

"ಎಣ್ಣೆ ಹೊಟ್ಟೆಗೆ ಹೋದ್ರೆ ಅರಗುತ್ತೆ. ಶ್ವಾಸಕೋಶಕ್ಕೆ ಹೋದ್ರೆ ಅಲ್ಲಿಂದ ಬರೋ ದಾರಿ ಇಲ್ಲ. ಅಲ್ಲೇ ಕೂತು ಹುಣ್ಣು ಮಾಡುತ್ತೆ. ಚಿತ್ರ ನೋಡಿ ನಂಗೆ ಮೊದ್ಲು ಅದೇ ಅನುಮಾನ ಬಂದಿತ್ತು. ಇನ್ನು ಅದನ್ನ ಬಿಟ್ಟು ಬೇರೆ ಹುಡುಕ್ತೀವಿ."

ಬೋದಿಲ್‌ಗೆ ಆಗ ಹೊಳೆಯಿತು. ಈ ಹುಡುಗಿ ಸರಿಯಾದ ಬಾಗಿಲ ಮುಂದೆಯೇ ಬಂದು ನಿಂತಿದ್ದಳು. ಒಳಗೆ ಯಾರೂ ಇಲ್ಲ ಎಂದು ಹೇಳಿ ಹಿಂದಕ್ಕೆ ಕಳಿಸಿದ್ದು ತಾನೇ, ತನ್ನ ಕೈಚೀಲದಿಂದ ತೆಗೆದುಕೊಟ್ಟ ಬಾಟಲಿಯೇ. ಹೊದಿಕೆಯಡಿಯಿಂದ ಪ್ರೇಬೆನ್‌ನ ಕೈ ಬಂದು ಅವಳ ಮಣಿಕಟ್ಟು ಹಿಡಿಯಿತು. ಎಂಜಿನ್ ಬೋಲ್ಟು ಬಿಗಿದ ಕೈ, ಈಗಲೂ ಬಿಗಿಯೇ ಇತ್ತು. ಡಾಕ್ಟರು ಹೋಗುವವರೆಗೂ ಬಿಡಲಿಲ್ಲ.

"ಕೇಳಿಸ್ಕೊಂಡ್ಯಾ?" ಎಂದಳು ಅವಳು.

"ಕೇಳಿಸ್ತು. ಸುಮ್ನಿರು."

"ಅದೇ ಕಣೋ ಪ್ರೇಬೆನ್. ನಾನು ಹಾಕಿದ್ದು ಎಣ್ಣೆದೇ."

ಮಾಸ್ಕಿನೊಳಗೆ ಅವನು ಎರಡು ಸಲ ಉಸಿರು ತೆಗೆದುಕೊಂಡ. "ಈಗ ಸೇದ್ತಾ ಇಲ್ವಲ್ಲ... ತಾನಾಗೇ ಹೋಗುತ್ತೆ. ಆಗಿದ್ದಕ್ಕೆ... ಊರ ತುಂಬ ಡಂಗೂರ ಯಾಕೆ? ಗಂಡನ್ನ ಕೊಂದ ಬೇಕರಿಯವಳು ಅಂತಾರೆ. ಅದನ್ನ ನೀನು... ತಡ್ಕೊಳ್ಳಲ್ಲ. ನನಗೆ ಗೊತ್ತು ನಿನ್ನ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹತ್ತು ದಿನ ನೋಡಿದ್ದಾಗಿತ್ತು. ಹಾವು ಅವನ ಎದೆಯೊಳಗೇ ಕೂತಿತ್ತು. ಬೋದಿಲ್ ಅವನ ಬೆರಳುಗಳನ್ನು ಒಂದೊಂದಾಗಿ ತನ್ನ ಮಣಿಕಟ್ಟಿನಿಂದ ಬಿಡಿಸಿದಳು. ಹೇಳಿದರೆ ನಿನ್ನ ಜೊತೆ ಮಾತಾಡುವುದಿಲ್ಲ ಎಂದು ಅವನು ಹಿಂದಿನಿಂದ ಹೇಳಿದ. ಮಾತಾಡದಿದ್ದರೂ ಸರಿ, ಉಸಿರಾಡು ಎನ್ನಬೇಕೆನಿಸಿತು, ಎನ್ನದೆ ಹೊರನಡೆದಳು.

ರಿಕ್ಕೆ ನರ್ಸುಗಳ ಕೋಣೆಯಲ್ಲಿ ಕೂತು ಕಪ್ಪು ರೊಟ್ಟಿ ತಿನ್ನುತ್ತಿದ್ದಳು. ಬೋದಿಲ್ ಬಾಗಿಲಲ್ಲೇ ನಿಂತು, ಆ ಬಾಟಲಿ ಅವನು ಸೇದಿದ್ದಲ್ಲ ಎಂದಳು. ಸೇದಿದ್ದನ್ನು ಮಾಡಿದವಳು ನಾನು, ಬೇಕರಿಯ ಎಣ್ಣೆ ಎಸೆನ್ಸಿನಿಂದ, ಆರು ತಿಂಗಳು. ಹೇಳಿ ಮುಗಿಸುವಷ್ಟರಲ್ಲಿ ಡಾಕ್ಟರು ರೊಟ್ಟಿ ಕೆಳಗಿಟ್ಟು ಫೋನು ಎತ್ತಿಕೊಂಡಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೋನು ಇಟ್ಟ ಮೇಲೆ ಒಂದು ಹಾಳೆ, ಪೆನ್ನು ಕೊಟ್ಟು, ಏನೇನು ಎಷ್ಟೆಷ್ಟು ಎಂದು ಬರೆದುಕೊಡಿ ಎಂದಳು.

ಅಜ್ಜನ ಪಾಕವಿಧಾನವನ್ನು ಯಾರಿಗೂ ಬಿಟ್ಟುಕೊಡದ ಬೋದಿಲ್ ಅಂದು ಒಂದು ಪಾಕವಿಧಾನ ಬರೆದುಕೊಟ್ಟಳು. ದ್ರವ ಇಷ್ಟು, ಎಸೆನ್ಸು ಇಷ್ಟು ಹನಿ, ಬಿಸಿನೀರಿನಲ್ಲಿ ಇಷ್ಟು ಹೊತ್ತು. ಕೆಲಸ ಕಲಿಯಲು ಬಂದವರಿಗೆ ಬರೆದುಕೊಡುವ ಹಾಗೆ ನೀಟಾಗಿ ಬರೆದಳು. ರಿಕ್ಕೆ ಓದುತ್ತಾ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಈ ಲೆಸಿಥಿನ್ ಯಾಕೆ?"

"ಎಣ್ಣೆ ಬೆರೀಲಿಲ್ಲ. ಮೇಲೆ ತೇಲ್ತಿತ್ತು." ಬೋದಿಲ್ ಮೇಜಿನ ಅಂಚು ಹಿಡಿದುಕೊಂಡಳು. "ನಂಗೆ ಕೆಲಸ ಬರದೇ ಇದ್ದಿದ್ರೆ ಅದು ಹಾಗೇ ಇರ್ತಿತ್ತು ಡಾಕ್ಟ್ರೇ. ಅವನು ಒಂದೇ ದಮ್ಮಿಗೆ ಥೂ ಅಂತ ಬಿಸಾಕ್ತಿದ್ದ."

ಆಗ ಅವಳು ಅತ್ತಳು. ಡಾಕ್ಟರು ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತಳು.

ಮಾರನೆಯ ಬೆಳಿಗ್ಗೆ ನಳಿಕೆ ಇಳಿಸಿ ಶ್ವಾಸಕೋಶ ತೊಳೆದರು. ತೊಳೆದ ನೀರಿನಲ್ಲಿ ಜಿಡ್ಡು ಸಿಕ್ಕಿತು. ಔಷಧ ಬದಲಾಯಿತು. ನಾಲ್ಕನೆಯ ದಿನ ಮಾಸ್ಕು ಹೋಗಿ ಮತ್ತೆ ಮೂಗಿನ ನಳಿಕೆ ಬಂತು. ಜೀವ ಉಳಿಯಿತು. ಆದರೆ ಡಿಸೆಂಬರಿನಲ್ಲಿ ಮನೆಗೆ ಕಳಿಸುವ ದಿನ ರಿಕ್ಕೆ ಹೊಸ ಚಿತ್ರ ತೋರಿಸಿ, ಗಾಯ ಒಣಗಿ ಗಟ್ಟಿಯಾದ ಭಾಗ ಇನ್ನು ಅಷ್ಟೇ, ಅರ್ಧಕ್ಕಿಂತ ಹೆಚ್ಚು ಹೋಗಿದೆ, ಆಮ್ಲಜನಕದ ಯಂತ್ರ ಮನೆಯಲ್ಲೂ ಬೇಕು ಎಂದಳು. ಹತ್ತು ದಿನ ಮೊದಲೇ ಹೇಳಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ಬೋದಿಲ್ ಕೇಳಿದಳು. ಆ ಹುಡುಗಿಗೆ ಇನ್ನೂ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಲಾಗದು ಎಂದು ಹೇಳಿ ಚಿತ್ರವನ್ನು ಲಕೋಟೆಗೆ ಹಾಕತೊಡಗಿದಳು.

ಆಹಾರ ಇಲಾಖೆಯವನೂ ಬಂದ. ಭಟ್ಟಿ, ಉಗ್ರಾಣ, ಡಬ್ಬಿಗಳು ಎಲ್ಲ ನೋಡಿದ. ಬೇಕರಿಯಲ್ಲಿ ಏನೂ ತಪ್ಪಿಲ್ಲ, ಮೇಲಿನ ಅಡುಗೆಮನೆಯಲ್ಲಿ ಗಂಡನಿಗೆ ಏನು ಮಾಡಿಕೊಟ್ಟಿರೋ ಅದು ನಮಗೆ ಸೇರಿದ್ದಲ್ಲ ಎಂದು ಹೊಸ ನಗುಮುಖದ ಚೀಟಿ ಕೊಟ್ಟು ಹೋದ. ಯಾವ ಭಯಕ್ಕೆ ಆ ಹತ್ತು ದಿನ ಕಳೆದರೋ ಆ ಭಯಕ್ಕೆ ಬುಡವೇ ಇರಲಿಲ್ಲ. ಬೋದಿಲ್ ಚೀಟಿಯನ್ನು ಅಂಟಿಸಲಿಲ್ಲ, ಗಲ್ಲಾಪೆಟ್ಟಿಗೆಯಡಿ ಮುಖ ಕೆಳಗೆ ಮಾಡಿ ಇಟ್ಟಳು.

ಸುದ್ದಿ ಹರಡಿದ ಮೇಲೆ ಸಭೆಯ ಎರಡೂ ಕಡೆಯವರು ಫೋನು ಮಾಡಿದರು. ನೋಡಿ, ರುಚಿ ನಿಷೇಧ ಮಾಡಿದ್ದಕ್ಕೇ ಜನ ಅಡುಗೆಮನೆಯಲ್ಲಿ ಬೆರೆಸಿಕೊಳ್ಳುವ ಗತಿ ಬಂತು, ಬಂದು ಮಾತಾಡಿ ಎಂದರು ಒಬ್ಬರು. ನೋಡಿ, ಸಿಗರೇಟಿಗಿಂತ ಮೇಲು ಎಂದು ನಂಬಿದ್ದು ಎಲ್ಲಿಗೆ ತಂದಿತು, ಬಂದು ಹೇಳಿ ಎಂದರು ಇನ್ನೊಬ್ಬರು. ಇಬ್ಬರ ಮಾತೂ ಸುಳ್ಳಲ್ಲ ಎಂದು ಅವಳಿಗೆ ತಿಳಿದಿತ್ತು. ಆದರೆ ಅವರಿಬ್ಬರಿಗೂ ಬೇಕಾಗಿದ್ದ ಕಥೆಯಲ್ಲಿ ತಪ್ಪು ಬೇರೆ ಯಾರದೋ ಆಗಿತ್ತು. ಬಾಟಲಿ ಬದಲಿಸಿದ ಕೈ ಯಾವ ಸಭೆಯಲ್ಲಿ ಚಪ್ಪಾಳೆ ತೆಗೆದುಕೊಳ್ಳಬೇಕು? ಅವಳು ಬರುವುದಿಲ್ಲ ಎಂದಳು. ಸಿಗ್ನೆ ಒಬ್ಬಳೇ ಏನೂ ಕೇಳಲಿಲ್ಲ. ಒಂದು ಭಾನುವಾರ ಸ್ಕ್ರೂಡ್ರೈವರು ಹಿಡಿದು ಬಂದಳು.

ಪ್ರೇಬೆನ್ ಆ ಕಡಿದಾದ ಮೆಟ್ಟಿಲು ಇನ್ನು ಹತ್ತಲಾರ. ಅದಕ್ಕೇ ಬೋದಿಲ್ ಬೇಕರಿ ಮುಚ್ಚಿದಳು. ಅವಳೂ ಸಿಗ್ನೆಯೂ ಸೇರಿ ಅಜ್ಜನ ಕಾಲದ ಮರದ ಕೌಂಟರನ್ನು ಬಿಚ್ಚಿ, ಅದಿದ್ದ ಜಾಗದಲ್ಲಿ ಆಸ್ಪತ್ರೆಯ ಮಂಚ ಹಾಕಿದರು. ಕಿಟಕಿಯಿಂದ ಬಂದರು ಕಾಣುತ್ತಿತ್ತು. ಹೋಗಿಬರುವವರು ಗಾಜಿನಾಚೆಯಿಂದ ಕೈಬೀಸುತ್ತಿದ್ದರು, ಕೆಲವರು ಬೇಗ ಬೇಗ ದಾಟಿಹೋಗುತ್ತಿದ್ದರು. ಯಂತ್ರ ಹಗಲೂ ಇರುಳೂ ಬುಸುಗುಡುತ್ತಿತ್ತು.

ಮಾತಾಡುವುದಿಲ್ಲ ಎಂದವನು ಮಾತಾಡುತ್ತಿದ್ದ. ಸೂಪಿಗೆ ಉಪ್ಪು ಕಮ್ಮಿ ಎನ್ನುತ್ತಿದ್ದ, ಏರೊ ಹಡಗು ಇವತ್ತು ತಡ ಎನ್ನುತ್ತಿದ್ದ. ಆ ವಿಷಯ ಮಾತ್ರ ಎತ್ತುತ್ತಿರಲಿಲ್ಲ. ಎಸೆನ್ಸು ಸುರಿದದ್ದಕ್ಕೆ ಬೈಯಲಿಲ್ಲ, ಹೇಳಬೇಡ ಎಂದದ್ದನ್ನು ಹೇಳಿದ್ದಕ್ಕೂ ಬೈಯಲಿಲ್ಲ. ಬೋದಿಲ್ ಕಾದಳು. ಒಂದು ದಿನ ಬೈದೇ ಬೈಯುತ್ತಾನೆ, ಬೈದರೆ ಹಗುರವಾಗುತ್ತದೆ ಎಂದು ಎರಡು ತಿಂಗಳು ಕಾದಳು. ಫೆಬ್ರವರಿಯ ಒಂದು ಮಧ್ಯಾಹ್ನ, ಅವನ ಗಡ್ಡ ಹೆರೆಯುತ್ತಿದ್ದಾಗ, ಇನ್ನು ತಡೆಯಲಾರದೆ ಕೇಳಿದಳು.

"ನನ್ನ ಮೇಲೆ ಸಿಟ್ಟೇ ಬರಲ್ವಾ ನಿಂಗೆ?"

ಅವನು ಕಣ್ಣು ಮುಚ್ಚಿ, ಒಂದು ಉಸಿರು ಒಳಗೆಳೆದುಕೊಂಡು, ಅದು ಪೂರ್ತಿ ಇಳಿಯುವವರೆಗೆ ಕಾದ.

"ಸಿಟ್ಟಿಗೆ... ಉಸಿರು ಬೇಕಲ್ಲೇ, ಬೋದಿಲ್" ಎಂದ. "ಇರೋದು... ಊಟಕ್ಕೇ ಸಾಲ್ತಿಲ್ಲ."

ಅವಳು ಉಳಿದರ್ಧ ಕೆನ್ನೆಗೆ ಸೋಪು ಹಚ್ಚಿದಳು.